ಚೀಲದ ಹಿಡಿ, ಬಸ್ಸಿನ ಮೆಟ್ಟಿಲು

ಪ್ರಶ್ನೆ: ತಿಂಗಳಿಗೊಮ್ಮೆ ನಂಜನಗೂಡಿಗೋ ಮೈಸೂರಿಗೋ ಹೋಗಿ ಸೂಪರ್‌ ಮಾರ್ಕೆಟ್‌ನಲ್ಲಿ ಮನೆ ಸಾಮಾನು ತರುತ್ತೇನೆ. ಅಂಗಡಿಯೊಳಗೆ ಟ್ರಾಲಿ ಇರುವುದರಿಂದ ಎಷ್ಟು ಹಾಕಿಕೊಂಡೆ ಅನ್ನುವುದೇ ಗೊತ್ತಾಗುವುದಿಲ್ಲ. ಬಿಲ್ ಆದ ಮೇಲೆ ಎತ್ತಿದರೆ ಕೈ ಕಿತ್ತು ಬರುವಂತಾಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ಎಳೆದುಕೊಂಡು ಹೋಗುವ ಚಕ್ರದ ಚೀಲವೊಂದನ್ನು ಕೊಡಿಸಿದ್ದಾಳೆ. ಅದನ್ನು ಎಳೆದುಕೊಂಡು ಊರೊಳಗೆ ಬರಲು ನನಗೆ ನಾಚಿಕೆ. ಚಕ್ರದ ಚೀಲ ಒಳ್ಳೆಯದೋ, ಬಟ್ಟೆ ಚೀಲ ಒಳ್ಳೆಯದೋ? ಬಟ್ಟೆ ಚೀಲದಿಂದಲೂ ಪರಿಸರಕ್ಕೆ ಹಾನಿ ಇದೆ ಎಂದು ಮಗಳು ಹೇಳುತ್ತಾಳೆ, ನಿಜವೇ? ಅಂಗಡಿಯವರು ಚೀಲಕ್ಕೆ ಬೇರೆ ದುಡ್ಡು ಕೇಳುವುದು ಸರಿಯೇ?
ಓದುಗರೊಬ್ಬರು, ಹದಿನಾರು, ನಂಜನಗೂಡು ತಾಲ್ಲೂಕು

ಉತ್ತರ: ನಾಚಿಕೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅಂಗಡಿಯ ಟ್ರಾಲಿ ಹುಟ್ಟಿದ ದಿನ ಅದನ್ನು ಮುಟ್ಟಲು ಹಿಂಜರಿದವರಲ್ಲಿ ನಿಮ್ಮ ಹಾಗೆ ಮನೆ ನಡೆಸುವ ಹೆಂಗಸರೂ ಇದ್ದರು. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿ ಮಾಲೀಕರಿದ್ದರು. ಅವರ ಅಂಗಡಿಗಳ ಹೆಸರು ಹಂಪ್ಟಿ ಡಂಪ್ಟಿ. ಗಿರಾಕಿಗಳು ಕೈಯಲ್ಲಿ ಬುಟ್ಟಿ ಹಿಡಿದು ತಾವೇ ಸಾಮಾನು ಆರಿಸಿಕೊಳ್ಳುತ್ತಿದ್ದರು. ಬುಟ್ಟಿ ತೂಕವಾದ ಕೂಡಲೇ ಸಾಕೆಂದು ದುಡ್ಡು ಕೊಟ್ಟು ಹೊರಟುಬಿಡುತ್ತಿದ್ದರು. ಮಡಚುವ ಕುರ್ಚಿಯೊಂದನ್ನು ಕಂಡ ಗೋಲ್ಡ್‌ಮನ್‌ಗೆ ಇದರ ಕಾಲಿಗೆ ಚಕ್ರ ಹಾಕಿ, ಮೇಲೊಂದು ಕೆಳಗೊಂದು ಬುಟ್ಟಿ ಕೂರಿಸಿದರೆ ಹೇಗೆ ಅನ್ನಿಸಿತು. 1937ರ ಜೂನ್ 4ರಂದು ಗಾಡಿಗಳನ್ನು ಅಂಗಡಿಯಲ್ಲಿ ತಂದು ನಿಲ್ಲಿಸಿದರು. ಜನ ಮುಗಿಬೀಳುತ್ತಾರೆಂದು ಎಣಿಸಿದ್ದರು, ಯಾರೂ ಮುಟ್ಟಲಿಲ್ಲ. ಮಕ್ಕಳ ಗಾಡಿ ತಳ್ಳಿ ತಳ್ಳಿ ಸಾಕಾಗಿದೆ, ಮತ್ತೊಂದು ಬೇಡ ಅಂದರು ಹೆಂಗಸರು. ಒಂದು ಬುಟ್ಟಿ ಹೊರಲಾಗದಷ್ಟು ಕೈಲಾಗದವರೇ ನಾವು ಅಂದುಕೊಂಡರು ಗಂಡಸರು. ಕೊನೆಗೆ ಗೋಲ್ಡ್‌ಮನ್ ಬೇರೆ ಬೇರೆ ವಯಸ್ಸಿನ ಗಂಡಸರು ಹೆಂಗಸರನ್ನು ಸಂಬಳ ಕೊಟ್ಟು ಕರೆತಂದು, ಗಿರಾಕಿಗಳ ಹಾಗೆ ಗಾಡಿ ತಳ್ಳಿಕೊಂಡು ಬಾಗಿಲ ಬಳಿ ಓಡಾಡಲು ಬಿಟ್ಟರು. ನಾಲ್ಕು ಜನ ತಳ್ಳುವುದನ್ನು ಕಂಡ ಮೇಲೆ ಐದನೆಯವರ ನಾಚಿಕೆ ಹೋಯಿತು.

ನಿಮಗೆ ಹಾಗೆ ಮುಂದೆ ನಡೆಯುವವರನ್ನು ಯಾರೂ ಸಂಬಳ ಕೊಟ್ಟು ಕಳಿಸುವುದಿಲ್ಲ. ಹದಿನಾರಿನ ಬೀದಿಯಲ್ಲಿ ಚಕ್ರದ ಚೀಲ ಎಳೆಯುವ ಮೊದಲ ಹೆಣ್ಣುಮಗಳು ನೀವೇ ಆಗಬೇಕಾಗಬಹುದು. ಮೊದಲ ತಿಂಗಳು ಜಗಲಿಯ ಮೇಲೆ ಕೂತವರು ನೋಡುತ್ತಾರೆ, ಎರಡನೆಯ ತಿಂಗಳು ಬೆಲೆ ಕೇಳುತ್ತಾರೆ. ಹಿಂದೆ ಹೆಂಗಸರು ಸೈಕಲ್ ಹತ್ತಿದಾಗಲೂ, ಸ್ಕೂಟರ್ ಹತ್ತಿದಾಗಲೂ ನಮ್ಮ ಕಡೆಯ ಊರುಗಳಲ್ಲಿ ನಡೆದದ್ದು ಇದೇ.

ಟ್ರಾಲಿಯ ಕಥೆಯಲ್ಲಿ ನೀವು ಗಮನಿಸಿದ ಇನ್ನೊಂದು ಸಂಗತಿಗೂ ಉತ್ತರವಿದೆ. ಟ್ರಾಲಿಯಿದ್ದರೆ ಎಷ್ಟು ಹಾಕಿಕೊಂಡೆವು ಅನ್ನುವುದು ಗೊತ್ತಾಗುವುದಿಲ್ಲ ಅಂದಿರಲ್ಲ, ಟ್ರಾಲಿ ಮಾಡಿದ್ದೇ ಅದಕ್ಕಾಗಿ. ಬುಟ್ಟಿ ಹಿಡಿದ ತೋಳು ಗಿರಾಕಿಗೆ ಸಾಕು ಅನ್ನುತ್ತಿತ್ತು. ಚಕ್ರ ಬಂದ ಮೇಲೆ ತೋಳಿನ ಬಾಯಿ ಕಟ್ಟಿತು. ಒಂದರೊಳಗೊಂದು ಹೊಕ್ಕು ಸಾಲಾಗಿ ನಿಲ್ಲುವ ಗಾಡಿಯನ್ನು 1946ರಲ್ಲಿ ಕನ್ಸಾಸ್ ಸಿಟಿಯ ಓರ್ಲಾ ವಾಟ್ಸನ್ ಮಾಡಿದ ಮೇಲೆ ನೂರು ಗಾಡಿಗೂ ಅಂಗಡಿಯ ಒಂದು ಮೂಲೆ ಸಾಕಾಯಿತು. ಅಲ್ಲಿಂದ ಗಾಡಿ ದೊಡ್ಡದಾಗುತ್ತಲೇ ಹೋಯಿತು. ಅಮೆರಿಕದ ಆ ಗಿರಾಕಿಗೆ ಇದರಿಂದ ತೊಂದರೆಯಿಲ್ಲ. ಅಂಗಡಿಯ ಗಾಡಿಯನ್ನು ತನ್ನ ಕಾರಿನವರೆಗೆ ತಳ್ಳಿಕೊಂಡು ಹೋಗಿ ಡಿಕ್ಕಿಗೆ ಸುರಿದರೆ ಮುಗಿಯಿತು. ಬಸ್ಸಿನಲ್ಲಿ ಹೋಗುವ ನಮಗೆ ಭಾರ ಶುರುವಾಗುವುದೇ ಬಿಲ್ ಕೌಂಟರ್ ದಾಟಿದ ಮೇಲೆ.

ಆದ್ದರಿಂದ ಮೊದಲ ಉಪಾಯ ಅಂಗಡಿಯೊಳಗಿನದು. ಹೊತ್ತು ಒಯ್ಯಬೇಕಾದ ದಿನ ಟ್ರಾಲಿ ಹಿಡಿಯಬೇಡಿ, ಬಾಗಿಲಲ್ಲೇ ಇಟ್ಟಿರುವ ಕೈಬುಟ್ಟಿ ತೆಗೆದುಕೊಳ್ಳಿ. ಕೈಬುಟ್ಟಿ ಎತ್ತಲಾಗದಷ್ಟು ನೋವಿದ್ದರೆ ಟ್ರಾಲಿಯನ್ನೇ ಹಿಡಿಯಿರಿ, ಆದರೆ ಪೊಟ್ಟಣದ ಮೇಲಿರುವ ತೂಕವನ್ನು ಬಾಯಲ್ಲೇ ಕೂಡಿಸುತ್ತ ಹೋಗಿ. ಐದು ಕೆ.ಜಿ. ಅಕ್ಕಿ, ಎರಡು ಲೀಟರ್ ಎಣ್ಣೆ, ಎರಡು ಕೆ.ಜಿ. ಬೇಳೆ, ಎರಡು ಕೆ.ಜಿ. ಸಕ್ಕರೆ, ಸೋಪಿನ ಪುಡಿ ಎರಡು ಕೆ.ಜಿ. ಇಷ್ಟಕ್ಕೇ ಹದಿಮೂರು ಕೆ.ಜಿ. ಸಮೀಪಿಸಿತು. ಇನ್ನೂ ಕಾಯಿ, ಬೆಲ್ಲ, ಫಿನಾಯಿಲು ಬಂದೇ ಇಲ್ಲ.

ಇನ್ನು ಕೈ ಕಿತ್ತು ಬರುವ ಮಾತು. ಭಾರ ಅಷ್ಟೇ ಇದ್ದರೂ ಒಂದು ಚೀಲ ಕೊಯ್ಯುತ್ತದೆ, ಇನ್ನೊಂದು ಕೊಯ್ಯುವುದಿಲ್ಲ. ಇದನ್ನು ಅಳೆದೇ ನೋಡಬಹುದು. ಪ್ಲಾಸ್ಟಿಕ್ ಕವರಿನ ಹಿಡಿಗೆ ಭಾರ ಬಿದ್ದ ಕೂಡಲೇ ಅದು ಮುದುಡಿ ಹಗ್ಗದ ಹಾಗೆ ಅರ್ಧ ಸೆಂಟಿಮೀಟರ್ ಆಗುತ್ತದೆ. ಅಂಗೈ ಅಗಲ ಎಂಟು ಸೆಂಟಿಮೀಟರ್ ಅಂದುಕೊಳ್ಳಿ. ಐದು ಕೆ.ಜಿ. ಭಾರವೆಲ್ಲ ಕೂರುವುದು ನಾಲ್ಕು ಚದರ ಸೆಂಟಿಮೀಟರ್ ಚರ್ಮದ ಮೇಲೆ, ಅಂದರೆ ಚದರ ಸೆಂಟಿಮೀಟರಿಗೆ ಒಂದೂಕಾಲು ಕೆ.ಜಿ. ಅದೇ ಭಾರವನ್ನು ನಾಲ್ಕು ಸೆಂಟಿಮೀಟರ್ ಅಗಲದ ಬಟ್ಟೆಯ ಹಿಡಿಯಲ್ಲಿ ಎತ್ತಿದರೆ ಮೂವತ್ತೆರಡು ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ, ಒಂದೊಂದಕ್ಕೆ ನೂರೈವತ್ತು ಗ್ರಾಂ ಆಸುಪಾಸು. ಎಂಟು ಪಟ್ಟು ಕಡಿಮೆ. ಬೆರಳಿನ ಬುಡದಲ್ಲಿ ಕೆಂಪು ಗೆರೆ ಮೂಡುವುದೂ ಮೂಡದಿರುವುದೂ ಈ ಲೆಕ್ಕದಿಂದ.

ಇನ್ನೊಂದು ವಿಷಯ, ಭಾರ ಒಂದೇ ಕಡೆ ತೂಗಬಾರದು. ಹತ್ತು ಕೆ.ಜಿ.ಯನ್ನು ಬಲಗೈಯಲ್ಲಿ ಹಿಡಿದರೆ ಮೈ ಎಡಕ್ಕೆ ವಾಲುತ್ತದೆ. ಹಾಗೆ ವಾಲಿಸಿ ಹಿಡಿದುಕೊಳ್ಳುವ ಕೆಲಸವನ್ನೆಲ್ಲ ಸೊಂಟ ಮಾಡಬೇಕು. ಐದೈದು ಕೆ.ಜಿ.ಯ ಎರಡು ಚೀಲ ಮಾಡಿ ಎರಡು ಕೈಗೆ ಕೊಟ್ಟರೆ ಬೆನ್ನು ನೆಟ್ಟಗಿರುತ್ತದೆ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಸಿಬೆ ಚೀಲ ನೆನಪಿದೆಯೇ? ನಡುವೆ ಬಾಯಿ, ಎರಡು ತುದಿಗೆ ಎರಡು ಹೊಟ್ಟೆ. ಹೆಗಲ ಮೇಲೆ ಹಾಕಿಕೊಂಡರೆ ಒಂದು ಹೊಟ್ಟೆ ಎದೆಯ ಕಡೆ, ಇನ್ನೊಂದು ಬೆನ್ನ ಕಡೆ. ಎರಡು ಕೈಯೂ ಖಾಲಿ. ವ್ಯಾಪಾರಿಗಳು ಕುದುರೆಯ ಬೆನ್ನಿಗೂ ಅದನ್ನೇ ಹಾಕುತ್ತಿದ್ದರು, ತಮ್ಮ ಹೆಗಲಿಗೂ ಅದನ್ನೇ ಹಾಕುತ್ತಿದ್ದರು. ತಲೆಯ ಮೇಲೆ ಸಿಂಬೆ ಇಟ್ಟು ಕೊಡ ಹೊರುವುದರಲ್ಲೂ ಇದೇ ಬುದ್ಧಿ ಇದೆ: ಭಾರ ಬೆನ್ನುಮೂಳೆಯ ನೇರಕ್ಕೆ ಇಳಿಯಬೇಕು, ಚರ್ಮಕ್ಕೆ ಒತ್ತಬಾರದು. ಇವತ್ತು ನೀವು ಹಸಿಬೆ ಹೆಗಲಿಗೇರಿಸಿಕೊಂಡು ಬಸ್ ಹತ್ತಿ ಅನ್ನುತ್ತಿಲ್ಲ. ಹತ್ತಿದರೆ ನನಗಂತೂ ಸಂತೋಷ. ಉದ್ದ ಹಿಡಿಯ ಎರಡು ಚೀಲ ಹೊಲಿಸಿ ಹೆಗಲಿಗೊಂದೊಂದು ಹಾಕಿಕೊಂಡರೂ ಕೆಲಸ ಆಗುತ್ತದೆ. ಬಸ್ಸಿನ ಕಂಬಿ ಹಿಡಿಯಲು ಕೈ ಬಿಡುವಾಗಿರುವುದೇ ಅದರ ದೊಡ್ಡ ಲಾಭ.

ಹೊಲಿಸುವಾಗ ಟೈಲರಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಹಿಡಿಯನ್ನು ಚೀಲದ ಬಾಯಿಗೆ ಮಾತ್ರ ಅಂಟಿಸಿದಂತೆ ಹೊಲಿಯಬಾರದು. ಪಟ್ಟಿ ಒಂದು ಪಕ್ಕದಿಂದ ಇಳಿದು, ತಳದಡಿ ಹಾದು, ಇನ್ನೊಂದು ಪಕ್ಕಕ್ಕೆ ಹತ್ತಬೇಕು. ಆಗ ಭಾರವನ್ನು ಹೊರುವುದು ಪಟ್ಟಿ, ಚೀಲದ ಬಟ್ಟೆ ಬರೀ ಗೋಡೆಯ ಕೆಲಸ ಮಾಡುತ್ತದೆ. ಬಾಯಿಯ ಹತ್ತಿರ ಪಟ್ಟಿ ಸೇರುವ ಕಡೆ ಚೌಕ ಹೊಲಿದು, ಒಳಗೆ ಅಡ್ಡಡ್ಡ ಗುಣಾಕಾರದ ಗುರುತಿನ ಹಾಗೆ ಹೊಲಿಗೆ ಓಡಿಸಲಿ. ತಳ ಒಂದಂಗೈ ಅಗಲ ಇರಲಿ, ಇಲ್ಲದಿದ್ದರೆ ಚೀಲ ನಿಲ್ಲಿಸಿದ ಕಡೆ ನಿಲ್ಲದೆ ಬಸ್ಸು ತಿರುಗಿದಾಗಲೆಲ್ಲ ಮಗುಚುತ್ತದೆ. ಹೊಸ ಬಟ್ಟೆ ಬೇಡ. ಮೊಣಕಾಲಲ್ಲಿ ಸವೆದ ಜೀನ್ಸ್ ಪ್ಯಾಂಟಿನ ಮೇಲ್ಭಾಗ, ಬಣ್ಣ ಹೋದ ಪರದೆ, ದಪ್ಪ ಬೆಡ್‌ಶೀಟು ಎಲ್ಲವೂ ಆಗುತ್ತದೆ. ಹಳೆಯ ಸೀರೆಯಾದರೆ ಎರಡು ಪದರ ಮಾಡಿಸಿ.

ಹೊಸ ಬಟ್ಟೆ ಬೇಡ ಅನ್ನುವುದಕ್ಕೆ ದುಡ್ಡು ಉಳಿಯಲಿ ಅನ್ನುವುದಷ್ಟೇ ಕಾರಣವಲ್ಲ. ನಿಮ್ಮ ಮಗಳು ಹೇಳಿದ್ದರಲ್ಲಿ ಹುರುಳಿದೆ. 2018ರಲ್ಲಿ ಡೆನ್ಮಾರ್ಕ್ ಸರ್ಕಾರದ ಪರಿಸರ ಇಲಾಖೆ ಒಂದು ಅಧ್ಯಯನ ಹೊರತಂದಿತು. ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹವಾಮಾನದ ದೃಷ್ಟಿಯೊಂದನ್ನೇ ಹಿಡಿದರೂ ಹೊಸ ಹತ್ತಿ ಚೀಲವನ್ನು 52 ಸಲ ಬಳಸಬೇಕು. ನೀರು, ಓಝೋನ್ ಎಲ್ಲ ಬಗೆಯ ಹಾನಿಯನ್ನೂ ಲೆಕ್ಕಕ್ಕೆ ತಂದರೆ 7,100 ಸಲ ಬಳಸಬೇಕು ಎಂದಿತು ಅದು. ಅದಕ್ಕೂ ಮೊದಲು, 2011ರಲ್ಲಿ, ಬ್ರಿಟನ್ನಿನ ಪರಿಸರ ಸಂಸ್ಥೆ ಹವಾಮಾನದ ಲೆಕ್ಕದಲ್ಲಿ ಕೊಟ್ಟ ಸಂಖ್ಯೆ 131. ಹತ್ತಿ ಬೆಳೆಯಲು ನೀರು ಬೇಕು, ಗೊಬ್ಬರ, ಔಷಧಿ ಬೇಕು, ನೂಲಿಗೆ ಬಟ್ಟೆಗೆ ಬಣ್ಣಕ್ಕೆ ಕರೆಂಟು ಬೇಕು. ಚೀಲ ಅಂಗಡಿಗೆ ಬರುವ ಹೊತ್ತಿಗೆ ಇಷ್ಟೆಲ್ಲ ಸಾಲ ಅದರ ತಲೆಯ ಮೇಲಿರುತ್ತದೆ, ಅದನ್ನು ಬಳಸಿ ಬಳಸಿಯೇ ತೀರಿಸಬೇಕು.

ಹಾಗಂತ ಪ್ಲಾಸ್ಟಿಕ್ ಒಳ್ಳೆಯದು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಡೆನ್ಮಾರ್ಕಿನಲ್ಲಿ ಬಳಸಿದ ಚೀಲ ಕಸದ ಡಬ್ಬಿಗೆ ಹೋಗುತ್ತದೆ, ಅಲ್ಲಿಂದ ಸುಡುವ ಘಟಕಕ್ಕೆ ಹೋಗುತ್ತದೆ. ಬೀದಿಗೆ ಬಿದ್ದ ಚೀಲದಿಂದ ಆಗುವ ಕೆಡುಕನ್ನು ಆ ಲೆಕ್ಕ ಎಣಿಸಿಲ್ಲ. ನಮ್ಮಲ್ಲಿ ಸಾಂಬಾರಿನ ಉಳಿಕೆ ಹಾಕಿ ಗಂಟು ಕಟ್ಟಿ ಎಸೆದ ಕವರನ್ನು ಹಸು ಗಂಟು ಸಮೇತ ನುಂಗುತ್ತದೆ. ನುಂಗದೆ ಉಳಿದದ್ದು ಗಾಳಿಗೆ ಹಾರುತ್ತ, ಮಳೆನೀರಿಗೆ ಹರಿಯುತ್ತ ತಗ್ಗು ಸೇರುತ್ತದೆ. ನಿಮ್ಮೂರಿನಲ್ಲಿ ತಗ್ಗೆಂದರೆ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ ಅದು. ಅವನ್ನು ನೋಡಲು ಮೈಸೂರಿನಿಂದ ದುರ್ಬೀನು ಹಿಡಿದು ಬರುವವರಿದ್ದಾರೆ. ನಿಮ್ಮೂರಿನ ಕೆರೆಯ ಅಂಚು ಡೆನ್ಮಾರ್ಕಿನ ಕೋಷ್ಟಕದಲ್ಲಿಲ್ಲ. ನಾನು ಆ ಅಧ್ಯಯನದಿಂದ ತೆಗೆದುಕೊಳ್ಳುವ ಬುದ್ಧಿ ಇಷ್ಟೇ: ಬಟ್ಟೆ ಚೀಲ ಎಂದು ಹತ್ತಾರು ಕೂಡಿಹಾಕಬಾರದು, ಇರುವ ಮೂರ್ನಾಲ್ಕನ್ನು ಹರಿಯುವತನಕ ಬಳಸಬೇಕು. ಹಳೆಯ ಸೀರೆಯ ಚೀಲಕ್ಕೆ ಈ ಸಾಲದ ಕಾಟವೇ ಇಲ್ಲ, ಅದನ್ನು ಸೀರೆ ಉಟ್ಟು ಉಟ್ಟೇ ತೀರಿಸಿಯಾಗಿದೆ.

ಹೊಸ ಬಟ್ಟೆಯದೇ ಬೇಕೆನಿಸಿದರೆ ದೂರ ಹೋಗಬೇಕಾಗಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಬದನವಾಳು ಇದೆ. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಕಾಲದಲ್ಲಿ ನೂಲು ತೆಗೆಯಲು ಶುರುಮಾಡಿದ, 1927ರಲ್ಲಿ ಗಾಂಧೀಜಿ ಬಂದು ನೋಡಿಹೋದ ಖಾದಿ ಕೇಂದ್ರದ ಊರು ಅದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಅದೇ ಊರನ್ನು. ಕೈಮಗ್ಗದ ದಪ್ಪ ಬಟ್ಟೆ ಚೀಲಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಒಗೆದಷ್ಟೂ ನೇಯ್ಗೆ ಬಿಗಿಯಾಗುತ್ತದೆ.

ಈಗ ಒಂದು ಎಚ್ಚರಿಕೆ. ನಿಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮದುವೆಗಳಲ್ಲಿ ತಾಂಬೂಲ ಹಾಕಿಕೊಟ್ಟ ಚೀಲಗಳು ತೂಗುತ್ತಿರಬೇಕು, ವಧೂವರರ ಹೆಸರು, ಛತ್ರದ ಹೆಸರು ಅಚ್ಚಾಗಿರುವವು. ಎಲ್ಲರೂ ಅವನ್ನು ಬಟ್ಟೆ ಚೀಲ ಅನ್ನುತ್ತಾರೆ. ಒಂದನ್ನು ಬೆಳಕಿಗೆ ಹಿಡಿದು ನೋಡಿ. ಹಾಸು ಹೊಕ್ಕು ಎಳೆ ಕಾಣುವುದಿಲ್ಲ, ಬದಲಿಗೆ ಸೂಜಿಯ ಮೊನೆಯಿಂದ ಒತ್ತಿದ ಹಾಗೆ ಸಾಲು ಸಾಲು ಚುಕ್ಕೆಗಳು ಕಾಣುತ್ತವೆ. ಪ್ಲಾಸ್ಟಿಕ್ ಎಳೆಗಳನ್ನು ಹರಡಿ ಬಿಸಿ ಉರುಳೆಯಲ್ಲಿ ಒತ್ತಿ ಅಂಟಿಸಿದ ಗುರುತು ಅದು. ಅಂಚಿನಿಂದ ಒಂದು ದಾರ ಎಳೆಯಲು ಹೋದರೆ ದಾರವೇ ಬರುವುದಿಲ್ಲ. ಚೂರು ಕತ್ತರಿಸಿ ಬೆಂಕಿಗೆ ಹಿಡಿದರೆ ಬೂದಿಯಾಗದೆ ಕರಗಿ ಉಂಡೆಯಾಗುತ್ತದೆ. ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಬಿಸಿಲಿನಲ್ಲಿ ಒಂದೆರಡು ವರ್ಷ ತೂಗುಹಾಕಿದರೆ ಮುಟ್ಟಿದ ಕಡೆ ಪುಡಿಯಾಗಿ ಉದುರುತ್ತದೆ. ಇದಕ್ಕೂ ಕಾನೂನಿದೆ, 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ, ತೆಳ್ಳಗಿರುವಂತಿಲ್ಲ.

ಇಂಥ ಚೀಲವನ್ನು ನಂಬಿ ಒಮ್ಮೆ ನಂಜನಗೂಡು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬಸ್ ಬಂತು, ಜನ ನುಗ್ಗಿದರು, ನಾನೂ ಚೀಲ ಎತ್ತಿದೆ. ಹಿಡಿ ಕೈಯಲ್ಲೇ ಉಳಿಯಿತು, ಚೀಲ ನೆಲದಲ್ಲೇ ಉಳಿಯಿತು. ನೋಡಿದರೆ ಹಿಡಿಗೆ ಹೊಲಿಗೆಯೇ ಇರಲಿಲ್ಲ, ಬಿಸಿಯಲ್ಲಿ ಅಂಟಿಸಿದ್ದರು. ಎರಡು ಕೆ.ಜಿ. ತೊಗರಿಬೇಳೆಯ ಪೊಟ್ಟಣ ಒಡೆದು ಮೆಟ್ಟಿಲ ಕೆಳಗೆ ಚೆಲ್ಲಿತು. ಹೂ ಮಾರುತ್ತಿದ್ದ ಒಬ್ಬ ತಾಯಿ ತನ್ನ ಬುಟ್ಟಿಯ ಒದ್ದೆ ಗೋಣಿತಾಟು ಕೊಟ್ಟು, "ಬುಡಿ ಅತ್ಲಾಗೆ, ಬಾಚ್ಕಳಿ ಬೇಗ" ಅಂದರು. ಬೇಳೆ ಬಾಚಿಕೊಂಡೆ, ಬಸ್ ಹೋಗಿತ್ತು. ಆ ತಾಂಬೂಲದ ಚೀಲಗಳನ್ನು ಈಗ ಸೊಪ್ಪಿಗೆ, ಬ್ರೆಡ್ಡಿಗೆ ಮಾತ್ರ ಬಳಸುತ್ತೇನೆ.

ಇನ್ನು ಮಗಳು ಕೊಡಿಸಿದ ಚಕ್ರದ ಚೀಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕಾದರೆ ನಿಮ್ಮ ದಾರಿ ನೋಡಬೇಕು. ಅಂಗಡಿಯ ಟೈಲ್ಸ್ ನೆಲ, ಹೊರಗಿನ ಇಳಿಜಾರು, ಕಿತ್ತುಹೋದ ಫುಟ್‌ಪಾತು, ಬಸ್ ನಿಲ್ದಾಣ, ಮೊಣಕಾಲೆತ್ತರದ ಬಸ್ಸಿನ ಮೆಟ್ಟಿಲು, ಮತ್ತೆ ಊರಿನ ಸ್ಟಾಪಿನಿಂದ ಮನೆಯವರೆಗೆ ಕಾಂಕ್ರೀಟು, ಮಣ್ಣು, ಚರಂಡಿಯ ಮೇಲಿನ ಕಲ್ಲು. ಚಕ್ರ ನೆಲ ಸಿಕ್ಕ ಕಡೆ ನಿಮ್ಮನ್ನು ಹೊರುತ್ತದೆ, ಮೆಟ್ಟಿಲು ಬಂದ ಕಡೆ ನೀವು ಅದನ್ನು ಹೊರಬೇಕು.

ಮೊದಲು ಚಕ್ರದ ಅಡ್ಡಳತೆ ಅಳೆಯಿರಿ. ಅಂಗಡಿಗಳಲ್ಲಿ ಸಿಗುವ ಸಣ್ಣವುಗಳಲ್ಲಿ ಎಂಟು ಸೆಂಟಿಮೀಟರಿನ ಚಕ್ರವಿದ್ದರೆ ನಮ್ಮ ರಸ್ತೆಗೆ ಅದು ಸಾಲದು. ಚಕ್ರದ ಮೇಲೆ ಹತ್ತು ಕೆ.ಜಿ. ಭಾರವಿದೆ, ಎದುರಿಗೆ ಎರಡು ಸೆಂಟಿಮೀಟರ್ ಎತ್ತರದ ಕಲ್ಲಿನ ಅಂಚು ಸಿಕ್ಕಿತು ಅಂದುಕೊಳ್ಳಿ. ಎಂಟು ಸೆಂಟಿಮೀಟರಿನ ಚಕ್ರವನ್ನು ನೇರ ಮುಂದಕ್ಕೆ ಎಳೆದು ಅದರ ಮೇಲೆ ಹತ್ತಿಸಲು ಹದಿನೇಳು ಕೆ.ಜಿ. ಎತ್ತುವಷ್ಟು ಬಲ ಬೇಕು. ಚಕ್ರ ಹದಿನಾರು ಸೆಂಟಿಮೀಟರಿನದಾದರೆ ಒಂಬತ್ತು ಕೆ.ಜಿ.ಯಷ್ಟು ಸಾಕು. ಎತ್ತಿನ ಗಾಡಿಯ ಚಕ್ರ ಎದೆಯೆತ್ತರ ಇರುವುದು ಸುಮ್ಮನೆ ಅಲ್ಲ, ಹೊಲದ ಬದು ಹತ್ತಿ ಇಳಿಯಬೇಕಾದ ಚಕ್ರ ಅದು. ಚಕ್ರದ ಅಂಚು ಗಟ್ಟಿ ಪ್ಲಾಸ್ಟಿಕ್ಕಿನದಾಗಿದ್ದರೆ ಸದ್ದು ಜಾಸ್ತಿ, ರಬ್ಬರಿನದಾದರೆ ಮೆತ್ತಗೆ ಹೋಗುತ್ತದೆ. ನಾಲ್ಕು ಕಡೆಗೂ ತಿರುಗುವ ಪುಟ್ಟ ಚಕ್ರಗಳು ಮಾಲ್‌ಗಳಿಗೆ, ವಿಮಾನ ನಿಲ್ದಾಣಕ್ಕೆ ಚೆನ್ನ. ಮಣ್ಣಿನ ದಾರಿಗೆ ಎರಡು ದೊಡ್ಡ ಚಕ್ರವೇ ಸೈ.

ತುಂಬುವಾಗಲೂ ಒಂದು ಗುಟ್ಟಿದೆ. ಅಕ್ಕಿ ಚಕ್ರದ ಅಚ್ಚಿನ ಮೇಲೆಯೇ ಕೂರಬೇಕು. ಭಾರ ಕೆಳಗಿದ್ದರೆ ವಾಲಿಸಿ ಎಳೆಯುವಾಗ ಹೆಚ್ಚು ಪಾಲು ಚಕ್ರ ಹೊರುತ್ತದೆ. ಅದೇ ಅಕ್ಕಿ ಮೇಲೆ ಕೂತರೆ ನಿಮ್ಮ ಮಣಿಕಟ್ಟು ಹೊರಬೇಕಾಗುತ್ತದೆ, ತಿರುವಿನಲ್ಲಿ ಮಗುಚುತ್ತದೆ ಕೂಡ.

ಬಸ್ಸಿನ ಮೆಟ್ಟಿಲಿಗೆ ಏನು ಮಾಡುವುದು? ನಿಮ್ಮ ಎರಡು ಆಯ್ಕೆಗಳಲ್ಲಿ ಒಂದನ್ನು ಬಿಡಬೇಕಾಗಿಲ್ಲ ಎಂದು ನಾನು ಹೇಳುವುದು ಇಲ್ಲೇ. ಚಕ್ರದ ಚೀಲದೊಳಗೆ ಸಾಮಾನನ್ನು ಬಿಡಿಬಿಡಿಯಾಗಿ ಸುರಿಯಬೇಡಿ. ಎರಡು ಬಟ್ಟೆ ಚೀಲ ತುಂಬಿ, ಆ ಚೀಲಗಳನ್ನೇ ಒಂದರ ಮೇಲೊಂದು ಒಳಗಿಡಿ, ಹಿಡಿಗಳು ಮೇಲೆ ಇಣುಕುತ್ತಿರಲಿ. ನಿಲ್ದಾಣದವರೆಗೆ ಚಕ್ರ ಉರುಳಿಸಿಕೊಂಡು ಹೋಗಿ. ಬಸ್ ಬಂದಾಗ ಬಟ್ಟೆ ಚೀಲ ಎರಡನ್ನೂ ಹೊರತೆಗೆದು ಹೆಗಲಿಗೆ ಹಾಕಿಕೊಳ್ಳಿ. ಖಾಲಿ ಗಾಡಿ ಎರಡೋ ಮೂರೋ ಕೆ.ಜಿ. ಇರುತ್ತದೆ, ಮಡಚಿ ಒಂದು ಕೈಯಲ್ಲಿ ಎತ್ತಬಹುದು. ಹತ್ತಿದ ಮೇಲೆ ಗಾಡಿ ಸೀಟಿನ ಕೆಳಗೆ, ಚೀಲ ಕಾಲ ಬಳಿ. ನಡುದಾರಿಯಲ್ಲಿಟ್ಟರೆ ಕಂಡಕ್ಟರ್ ಕೂಗುವುದು ಖಂಡಿತ, ಅವರ ತಪ್ಪೂ ಅಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗಿನ ಸ್ವಂತ ಸಾಮಾನಿಗೆ ಲಗೇಜ್ ಟಿಕೆಟ್ ಇಲ್ಲ, ತಿಂಗಳ ದಿನಸಿ ಅದರೊಳಗೇ ಇರುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. 2023ರ ಜೂನ್ 11ರಂದು ಹೆಂಗಸರಿಗಾಗಿ ಶಕ್ತಿ ಯೋಜನೆ ಬಂದ ಮೇಲೆ ನಿಮಗೆ ಬಸ್ಸಿನ ಟಿಕೆಟ್ ದುಡ್ಡಿಲ್ಲ. ಹೀಗಿರುವಾಗ ತಿಂಗಳ ಸಾಮಾನನ್ನೆಲ್ಲ ಒಂದೇ ದಿನ ಹೊರಬೇಕೆಂಬ ಹಟ ಯಾಕೆ? ಟಿಕೆಟ್ ಕೊಡಬೇಕಾಗಿದ್ದ ಕಾಲದಲ್ಲಿ ಒಂದೇ ಸಲ ಎಲ್ಲ ತರುವುದು ಲೆಕ್ಕಾಚಾರವಾಗಿತ್ತು. ಈಗ ನಂಜುಂಡೇಶ್ವರನ ದರ್ಶನಕ್ಕೋ ಆಸ್ಪತ್ರೆಗೋ ನಂಜನಗೂಡಿಗೆ ಹೋದಾಗಲೆಲ್ಲ ಐದಾರು ಕೆ.ಜಿ. ತಂದರೆ ಸಾಕು. ವ್ಯಾನಿಟಿ ಬ್ಯಾಗಿನಲ್ಲಿ ಮಡಚಿದ ಒಂದು ಚೀಲ ಸದಾ ಇರಲಿ. ಮನೆಗೆ ಬಂದು ಸಾಮಾನು ಇಳಿಸಿದ ಕೂಡಲೇ ಚೀಲವನ್ನು ಮೂಲೆಗೆಸೆಯದೆ ಚಪ್ಪಲಿ ಬಿಡುವ ಕಡೆ ಮೊಳೆಗೆ ತೂಗುಹಾಕಿ. ಹೊರಡುವಾಗ ಕಣ್ಣಿಗೆ ಬೀಳದ ಚೀಲ ಮನೆಯಲ್ಲೇ ಉಳಿಯುತ್ತದೆ.

ಚೀಲಕ್ಕೆ ದುಡ್ಡು ಕೇಳುವ ಮಾತು ನ್ಯಾಯದ ಕಟ್ಟೆ ಹತ್ತಿದೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ದೇಶದ ಮಟ್ಟದಲ್ಲಿ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳ್ಳಗಿನ ಚೀಲ ಕೂಡದು ಎಂಬ ನಿಯಮ ಬಂತು. ಮೊದಲು ಪುಕ್ಕಟೆ ಕವರ್ ಕೊಡುತ್ತಿದ್ದ ದೊಡ್ಡ ಅಂಗಡಿಗಳು ಕಾಗದದ, ಬಟ್ಟೆಯ ಚೀಲ ಇಟ್ಟು ಬೆಲೆ ಕೇಳತೊಡಗಿದವು. ಬಿಗ್ ಬಜಾರ್ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಒಂದು ಆದೇಶ ಕೊಟ್ಟಿತು. ಮೊದಲೇ ತಿಳಿಸದೆ, ಸಾಮಾನು ಆರಿಸಿ ಬಿಲ್ ಕೌಂಟರಿಗೆ ಬಂದ ಮೇಲೆ ಚೀಲದ ಬೆಲೆ ಹೇರುವುದು ಅನ್ಯಾಯದ ವ್ಯಾಪಾರ ಎಂದಿತು. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ, ಅಂಗಡಿಯ ಹೆಸರೇ ಅಚ್ಚಾಗಿದ್ದ ಚೀಲಕ್ಕೆ 20 ರೂಪಾಯಿ ಪಡೆದ ಐಕಿಯಾ ಆ ದುಡ್ಡು ಹಿಂತಿರುಗಿಸಿ, ಜೊತೆಗೆ 3,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಹಾಗಾಗಿ ನೀವು ಕೇಳಬೇಕಾದ್ದನ್ನು ಒಳಹೋಗುವಾಗಲೇ ಕೇಳಿ: ಚೀಲಕ್ಕೆ ಎಷ್ಟು, ಬೆಲೆ ಎಲ್ಲಿ ಬರೆದಿದ್ದೀರಿ, ನನ್ನ ಚೀಲ ಒಳಗೆ ಬಿಡುತ್ತೀರಾ. ಬಾಗಿಲಲ್ಲಿ ಕೈಚೀಲ ಇಸಿದುಕೊಂಡು ಟೋಕನ್ ಕೊಡುವ ಅಂಗಡಿಯಾದರೆ ಬಿಲ್ ಆದ ಮೇಲೆ ಸಾಮಾನನ್ನು ಟ್ರಾಲಿಯಲ್ಲೇ ಬಾಗಿಲವರೆಗೆ ತಂದು, ಚೀಲ ಬಿಡಿಸಿಕೊಂಡು ಅಲ್ಲೇ ತುಂಬಿಕೊಳ್ಳಿ. ಕಾವಲಿನವರು ಬೇಡ ಅಂದದ್ದನ್ನು ನಾನು ನೋಡಿಲ್ಲ.

ತುಂಬುವ ಕ್ರಮ ನಿಮಗೆ ಹೇಳಿಕೊಡಬೇಕಾಗಿಲ್ಲ, ಆದರೂ ಒಂದನ್ನು ಹೇಳದೆ ಬಿಡಲಾರೆ. ಸೋಪು, ಊದುಬತ್ತಿ, ಫಿನಾಯಿಲಿಗೆ ಬೇರೆಯೇ ಚೀಲವಿರಲಿ, ಅದನ್ನು ಬೇರೆ ಬಣ್ಣದ ಬಟ್ಟೆಯಲ್ಲಿ ಹೊಲಿಸಿ. ಬಟ್ಟೆಗೆ ಹತ್ತಿದ ಫಿನಾಯಿಲಿನ ವಾಸನೆ ಹತ್ತು ಒಗೆತಕ್ಕೂ ಹೋಗುವುದಿಲ್ಲ. ಮೇಲಾಗಿ ಅಕ್ಕಿ, ಹಿಟ್ಟು ವಾಸನೆಯನ್ನು ಹೀರಿಕೊಂಡೇ ಬಿಡುತ್ತವೆ. ಕೋಳಿ, ಮೀನಿಗೂ ಹಾಗೆಯೇ ಪ್ರತ್ಯೇಕ ಚೀಲ, ಬಂದ ದಿನವೇ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಕೊನೆಯದಾಗಿ ಅಕ್ಕಿ, ಎಣ್ಣೆ, ಬೆಲ್ಲ. ನಿಮ್ಮ ಭಾರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಇವೇ, ಮತ್ತು ಇವು ಹದಿನಾರಿನ ಅಂಗಡಿಯಲ್ಲೇ ಸಿಗುವಂಥವು. ಸೂಪರ್‌ ಮಾರ್ಕೆಟ್‌ನಲ್ಲಿ ಕೆ.ಜಿ.ಗೆ ಎರಡು ಮೂರು ರೂಪಾಯಿ ಅಗ್ಗವಿರಬಹುದು. ಹತ್ತು ಕೆ.ಜಿ.ಗೆ ಉಳಿಯುವ ಇಪ್ಪತ್ತು ಮೂವತ್ತು ರೂಪಾಯಿಯನ್ನು ನಿಮ್ಮ ಭುಜ ಗಳಿಸಿಕೊಡಬೇಕೇ ಎಂದು ನೀವೇ ತೂಗಿ ನೋಡಿ. ನಾನಾಗಿದ್ದರೆ ತೂಕದ್ದನ್ನು ಊರಿನ ಅಂಗಡಿಯಲ್ಲಿ ಕೊಂಡು, ಊರಲ್ಲಿ ಸಿಗದ್ದನ್ನು ಮಾತ್ರ ಪೇಟೆಯಿಂದ ತರುತ್ತೇನೆ.

ಚಕ್ರದ ಚೀಲವನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ. ಮುಂದಿನ ಸಲ ಬಸ್ಸಿಳಿದು ಬರುವಾಗ ಜಗಲಿಯ ಮೇಲಿಂದ ಯಾರಾದರೂ "ಏನವ್ವ ಇದು, ಏರ್‌ಪೋರ್ಟಿಂದ ಬಂದಂಗದಲ್ಲ" ಅಂದರೆ ನಿಲ್ಲಿ. ಹತ್ತು ಕೆ.ಜಿ. ತುಂಬಿದ ಆ ಗಾಡಿಯ ಹಿಡಿಯನ್ನು ಅವರ ಕೈಗೇ ಕೊಟ್ಟು, ನಿಮ್ಮ ಮನೆ ಬಾಗಿಲವರೆಗೆ ಎಳೆದುಕೊಂಡು ಬರಲು ಹೇಳಿ.